ಆರಾಮಕುರ್ಚಿಯ ಪಶ್ಚಾತ್ತಾಪ

ಹಳೆಯ ಕಲೆಕ್ಟರ್ ಬಂಗಲೆಯನ್ನು ಊರವರೇ ಸೇರಿ ಮ್ಯೂಸಿಯಂ ಮಾಡಲು ಹೊರಟರು. ಬಿಳಿ ದೊರೆಗಳ ಕಾಲದಲ್ಲಿ ಅಲ್ಲಿ ಬಿಟ್ಟಿ ದುಡಿದವರ ಕಥೆಯನ್ನು ಗೋಡೆಯ ಮೇಲೆ ಬರೆಸುವುದೆಂದು ತೀರ್ಮಾನವಾಯಿತು. ಅದನ್ನು ಕೇಳಿಸಿಕೊಂಡ ಆರಾಮಕುರ್ಚಿ, "ಬಿಟ್ಟಿ ದುಡಿದವರೇ? ನಾನಂತೂ ಯಾರನ್ನೂ ಕಾಣಲಿಲ್ಲ. ದೊರೆ ನನ್ನ ಮೇಲೆ ಒರಗುತ್ತಿದ್ದರು, ತಂಗಾಳಿ ತಾನಾಗಿ ಬೀಸುತ್ತಿತ್ತು. ಎಂಥ ಕಾಲ!" ಎಂದಿತು.

ಛಾವಣಿಯ ದೊಡ್ಡ ಬಟ್ಟೆ ಬೀಸಣಿಗೆಗೆ ಕಟ್ಟಿದ್ದ ಹಗ್ಗಕ್ಕೆ ರೇಗಿತು. "ತಾನಾಗಿಯೇ? ಗೋಡೆಯ ಆ ತೂತಿನಿಂದ ನಾನು ಹೊರಗೆ ಹೋಗುತ್ತಿದ್ದೆ. ಜಗಲಿಯಲ್ಲಿ ಬಿಟ್ಟಿಯಾಳು ಬೋಮ ನನ್ನನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಹಗಲಿಡೀ ಎಳೆಯುತ್ತಿದ್ದ. ತೂಕಡಿಸಿದರೆ ದೊರೆಯ ಬೂಟಿನ ಏಟು. ಬೇಕಾದರೆ ಬೂಟನ್ನೇ ಕೇಳು, ನಿನ್ನ ಕೆಳಗೇ ಇದೆ."

ಬೂಟು ಮುಖ ತಿರುಗಿಸಿತು.

"ಅಯ್ಯೋ, ಗೋಡೆಯಾಚೆ ಒಬ್ಬ ಮನುಷ್ಯನಿದ್ದನೇ!" ಎಂದು ಕುರ್ಚಿ ಮರುಗಿತು. "ಎಂಥ ಅನ್ಯಾಯ! ನಾಳೆ ಊರವರ ಮುಂದೆ ನಾನೇ ಕ್ಷಮೆ ಕೇಳುತ್ತೇನೆ."

ಹಗ್ಗಕ್ಕೆ ಸಮಾಧಾನವಾಯಿತು. "ಸಂತೋಷ. ಏನು ಹೇಳುತ್ತೀಯೋ ಈಗಲೇ ಯೋಚಿಸಿಕೋ."

"ಯೋಚಿಸುತ್ತೇನೆ. ಆದರೆ ಈ ಸೆಕೆಯಲ್ಲಿ ತಲೆ ಓಡುತ್ತಿಲ್ಲ," ಎಂದಿತು ಕುರ್ಚಿ. "ಹೊರಗೆ ಯಾರಾದರೂ ಇದ್ದರೆ ನಿನ್ನನ್ನು ಸ್ವಲ್ಪ ಎಳೆಯಲು ಹೇಳು."