ಗೋಡೆಗೆ ಬಂಗುಡೆ ಪರೀಕ್ಷೆ

ಮುಖ ಎತ್ತದೆ, ಬುಟ್ಟಿಯ ಬಂಗುಡೆ ಜೋಡಿಸುತ್ತಲೇ ಮಾತಾಡುವುದು ಮೀನು ಮಾರುವ ಗುಲಾಬಿಯಕ್ಕನ ಅಭ್ಯಾಸ. ಚಂಡಮಾರುತದ ನೆರೆಗೆ ಅವಳ ಮನೆಯ ಮಣ್ಣಿನ ಒಳಗೋಡೆಗಳು ಕರಗಿಹೋಗಿದ್ದವು. ಅವಳಿಗೆ ಬೇಕಾದದ್ದು ಸಿಮೆಂಟ್ ಗೋಡೆ. ಪರಿಹಾರದ ಗುತ್ತಿಗೆದಾರ ಸದಾನಂದರು ತಂದದ್ದು ಕಾಗದ ಹೊದಿಸಿದ ತೆಳು ಜಿಪ್ಸಮ್ ಹಲಗೆ.

“ಸಮುದ್ರವೇ ಒಳಗೆ ಬಂದರೂ ಇದಕ್ಕೆ ಎಂತದೂ ಆಗುದಿಲ್ಲ. ಇವತ್ತೇ ಒಪ್ಪಿ, ಇಲ್ಲದಿದ್ದರೆ ಗೋಡೆಯೇ ಇಲ್ಲ!”

“ಆಯ್ತು ಧಣಿಗಳೆ. ಒಂದು ತುಂಡು ಇಲ್ಲಿರಲಿ, ನೀವು ಊಟ ಮಾಡಿ ಬನ್ನಿ.”

ಅವರು ಬಂದಾಗ ಹಲಗೆ ಎರಡು ಕಲ್ಲುಗಳ ಮೇಲಿತ್ತು. ಅದರ ಮೇಲೆ ಮಂಜುಗಡ್ಡೆ, ರಾಶಿ ಬಂಗುಡೆ. ನೆನೆದು ಗಂಜಿಯಾಗಿದ್ದ ಹಲಗೆ ಅವರ ಕಣ್ಣೆದುರೇ ಮುರಿಯಿತು. ಮೀನೆಲ್ಲ ಅವರ ಬೂಟಿನ ಮೇಲೆ!

“ಸಮುದ್ರ ಇನ್ನೂ ಬರಲಿಲ್ಲ ಧಣಿಗಳೆ. ಬಂದದ್ದು ಬರೀ ಮೀನು!”

ಸದಾನಂದರು ಫೋನ್ ತೆಗೆದು ಸಿಮೆಂಟ್ ತರಿಸಿದರು. ಆಮೇಲೆ, ಬುಟ್ಟಿ ಹೊತ್ತು ಪೇಟೆಗೆ ಹೊರಟಿದ್ದವಳ ಹಿಂದೆಯೇ ಓಡಿದರು:

“ಅಕ್ಕಾ, ಪೇಟೆಯಲ್ಲಿ ಮಾತ್ರ ಯಾರಿಗೂ ಹೇಳ್ಬೇಡಿ! ಅಕ್ಕಾ…”