ಶಾಂತಪ್ಪ ಕೂತ ದಿನ

ಮಕ್ಕಳೇ, ಪ್ರಾಣಿಗಳ ಭಾಷೆಯಲ್ಲಿ ನನಗಿರುವ ಪಾಂಡಿತ್ಯ ನಿಮಗೆಲ್ಲ ಗೊತ್ತೇ ಇದೆ. ಗೊತ್ತಿರದಿದ್ದರೆ ಈಗ ಗೊತ್ತಾಯಿತು. ಹಾಗಾಗಿ ಈ ಕತೆಯಲ್ಲಿ ಯಾರು ಏನು ಹೇಳಿದರು ಅನ್ನುವುದರಲ್ಲಿ ಅನುಮಾನ ಬೇಡ.

ಕಾಡಿನ ನಡುವೆ ಒಂದು ಕೆರೆ. ಅದರ ಏರಿಯ ಮೇಲೆ ಓಬಣ್ಣ ಎಂಬ ಮುಂಗುಸಿಯ ಬಿಲ. ಒಂದು ದಿನ ದೂರದ ಕುರಿಹಟ್ಟಿಯಿಂದ ಚಿಟ್ಟೆಯೊಂದನ್ನು ಅಟ್ಟಿಸಿಕೊಂಡು ಒಂದು ನಾಯಿ ಅಲ್ಲಿಗೆ ಬಂತು. ಚಿಟ್ಟೆ ಹೋಯಿತು, ನಾಯಿ ಉಳಿಯಿತು.

ಅದು ಬೆರಕೆ ನಾಯಿ. ಕಾಲು ಬೇಟೆನಾಯಿಯದು, ಮೈಕೂದಲು ಕುರಿ ಕಾಯುವ ನಾಯಿಯದು, ಒಂದು ಕಿವಿ ನಿಂತದ್ದು, ಇನ್ನೊಂದು ಬಿದ್ದದ್ದು. ಬಾಲ ಯಾವ ವಂಶದ್ದೆಂದು ನನಗೇ ತಿಳಿಯಲಿಲ್ಲ ಅಂದಮೇಲೆ ಬೇರೆಯವರ ಮಾತೇನು! ಎತ್ತರ, ಒಂದು ಕರುವಿನಷ್ಟು. ಓಬಣ್ಣ ಅದಕ್ಕೆ ಶಾಂತಪ್ಪ ಎಂದು ಹೆಸರಿಟ್ಟ.

ಬಿಲದೊಳಗೆ ಶಾಂತಪ್ಪನ ಮೂತಿ ಮಾತ್ರ ಹಿಡಿಸಿತು. ಅವನು ಮೂತಿ ಒಳಗಿಟ್ಟು ಮಲಗಿದ. ಓಬಣ್ಣ ಹೊರಗೆ ಮಲಗಿದ.

"ಕೂರು" ಅಂದರೆ ಶಾಂತಪ್ಪ ಜಿಗಿಯುತ್ತಿದ್ದ. "ಬಾ" ಅಂದರೆ ಕೆರೆಯ ಆಚೆ ದಡದಲ್ಲಿರುತ್ತಿದ್ದ. "ಬಿಡು" ಅಂದರೆ ನುಂಗುತ್ತಿದ್ದ. ಅವನ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ: "ಆಡೋಣವಾ?"

ನಾಯಿ ತನ್ನ ಮಾತು ಕೇಳುವುದಿಲ್ಲ ಎಂದು ಒಪ್ಪಿಕೊಂಡಿದ್ದರೆ ಓಬಣ್ಣನಿಗೆ ಏನೂ ನಷ್ಟವಿರಲಿಲ್ಲ. ಆದರೆ ಅವನಿಗೆ ಅದು ಮಾನದ ಪ್ರಶ್ನೆ.

ಒಂದು ಬೆಳಿಗ್ಗೆ ಶಾಂತಪ್ಪ ದಡಬಡ ಕೆರೆಗೆ ಹಾರಿದ. ಒಂಟಿಕಾಲಲ್ಲಿ ಕಾದು ನಿಂತಿದ್ದ ಕೊಕ್ಕರೆ ಸೂರಪ್ಪನ ಮೀನೆಲ್ಲ ಚೆಲ್ಲಾಪಿಲ್ಲಿ.

"ಏನೋ ಓಬಣ್ಣ, ನಿನ್ನ ನಾಯಿಗೆ ಬುದ್ಧಿ ಹೇಳೋರಿಲ್ವಾ?"

"ನಾನೇ ಹೇಳಿದ್ದು," ಅಂದ ಓಬಣ್ಣ. "ಆಗಾಗ ನೀರು ಕದಡದಿದ್ರೆ ಪಾಚಿ ಕಟ್ಟುತ್ತೆ."

ಮರುದಿನ ಮುಳ್ಳುಹಂದಿ ಕೆಂಚಕ್ಕ ಕೂಡಿಟ್ಟಿದ್ದ ಗೆಣಸನ್ನು ಶಾಂತಪ್ಪ ಊರಗಲ ಹರಡಿದ.

"ಇದನ್ನೂ ನೀನೇ ಹೇಳಿದ್ಯೇನಪ್ಪಾ?"

"ಮತ್ತಿನ್ಯಾರು ಕೆಂಚಕ್ಕ? ಗೆಣಸಿಗೆ ಗಾಳಿಯಾಡಬೇಕು."

ಹೀಗೆ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಚಿರತೆ ಯಜಮಾನರು ಕೆರೆ ಪಕ್ಕದ ಅತ್ತಿಮರದ ಕೊಂಬೆಯ ಮೇಲೆ ನಿದ್ದೆ ಹೋದರು. ಬಾಲ ಕೆಳಗೆ ಇಳಿಬಿದ್ದಿತ್ತು. ಆ ಮರ ಈಗ ಅಲ್ಲಿಲ್ಲ. ಕತೆ ನಿಜ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಶಾಂತಪ್ಪನಿಗೆ ಕಂಡದ್ದು ಬಾಲ ಮಾತ್ರ. ಹಿಡಿದು ಎಳೆದ. ಬಾಲದ ಜೊತೆ ಚಿರತೆಯೂ ಬಂತು.

"ಆಡೋಣವಾ?" ಅಂದ ಶಾಂತಪ್ಪ.

ಯಜಮಾನರು ಕೆಸರಿನಿಂದ ಎದ್ದರು. ಮೀಸೆ ಒರೆಸಿಕೊಂಡರು. ಬಿದ್ದ ಸದ್ದಿಗೆ ಸುತ್ತ ನೆರೆದವರನ್ನು ನೋಡಿದರು.

"ಯಾರದು ಈ ನಾಯಿ?"

"ಓಬಣ್ಣಂದು," ಅಂದ ಸೂರಪ್ಪ, ಎತ್ತರದ ಕೊಂಬೆಗೆ ಹಾರುತ್ತಾ. "ಅದು ಮಾಡೋದೆಲ್ಲ ಅವನು ಹೇಳಿದ್ದೇ ಅಂತೆ. ಅವನೇ ದಿನಾ ಹೇಳ್ತಾನೆ."

ಯಜಮಾನರು ಓಬಣ್ಣನ ಕಡೆ ತಿರುಗಿದರು. "ನೋಡಪ್ಪ, ನಾಯಿ ತಿಳಿಯದೆ ಎಳೆದಿದ್ದರೆ ಬಿಟ್ಟುಬಿಡ್ತೀನಿ. ನೀನು ಹೇಳಿ ಎಳೆಸಿದ್ದರೆ, ಹೊತ್ತು ಮುಳುಗೋದರೊಳಗೆ ನೀನು ಈ ಕಾಡು ಬಿಡಬೇಕು. ಆಮೇಲೆ ಕಣ್ಣಿಗೆ ಬಿದ್ದರೆ ತಿಂತೀನಿ. ನಿನ್ನಿಂದ ಹೊಟ್ಟೆ ತುಂಬಲ್ಲ, ಆದರೂ ತಿಂತೀನಿ."

ಓಬಣ್ಣನ ಮೈಮೇಲಿನ ಕೂದಲೆಲ್ಲ ನಿಂತವು. "ಯಜಮಾನ್ರೇ, ನಾನು ಹೇಳಿದ್ದೆಲ್ಲ ಸುಳ್ಳು! ಇವನು ನನ್ನ ಒಂದು ಮಾತನ್ನೂ ಇವತ್ತಿನವರೆಗೆ ಕೇಳಿಲ್ಲ!"

"ಹೌದಾ? ಎಲ್ಲಿ, ಕೂರು ಅನ್ನು ನೋಡೋಣ."

ಓಬಣ್ಣನಿಗೆ ಹೋದ ಜೀವ ಬಂದಂತಾಯಿತು. ಎದೆ ಸೆಟೆಸಿ, ಕಾಡಿಗೆಲ್ಲ ಕೇಳುವಂತೆ ಕೂಗಿದ: "ಶಾಂತಪ್ಪಾ, ಕೂರು!"

ಶಾಂತಪ್ಪ ಕೂತ.

ಮುಂಗಾಲು ಜೋಡಿಸಿ, ಬಾಲ ಮಡಚಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತ.

"ಅಲ್ಲ ಅಲ್ಲ, ಇದು ಹೇಗೋ ಆಗಿದ್ದು! ಏಳು! ಮಲಗು!"

ಶಾಂತಪ್ಪ ಎದ್ದ. ಮಲಗಿದ. ಮುಂದಿನ ಮಾತಿಗಾಗಿ ಓಬಣ್ಣನ ಮುಖವನ್ನೇ ಭಕ್ತಿಯಿಂದ ನೋಡಿದ.

"ಎಂಥಾ ತರಬೇತಿ!" ಅಂದಳು ಕೆಂಚಕ್ಕ, ನಿಜವಾದ ಮೆಚ್ಚುಗೆಯಿಂದ.

ಯಜಮಾನರು ಸೂರ್ಯನನ್ನು ನೋಡಿದರು. ಸೂರ್ಯ ಆಗಲೇ ವಾಲಿದ್ದ.

ಓಬಣ್ಣ ಬಿಲಕ್ಕೊಂದು ನಮಸ್ಕಾರ ಹಾಕಿ ಹೊರಟ. ಏರಿಯ ತುದಿಯಲ್ಲಿ ತಿರುಗಿ ನಿಂತು, "ಶಾಂತಪ್ಪ, ನೀನು ಇಲ್ಲೇ ಇರು. ದಮ್ಮಯ್ಯ ಅಂತೀನಿ, ನನ್ನ ಹಿಂದೆ ಬರಬೇಡ," ಅಂದ.

ಶಾಂತಪ್ಪ ಹಿಂದೆ ಬರಲಿಲ್ಲ. ಓಬಣ್ಣನನ್ನು ದಾಟಿಕೊಂಡು ಮುಂದೆ ಓಡಿದ.

ನೀತಿ: ನಮ್ಮ ಮಾತು ಕೇಳದವರು ಮಾಡಿದ್ದಕ್ಕೆಲ್ಲ "ನಾನೇ ಹೇಳಿದ್ದು" ಎನ್ನಬಾರದು, ಬೇಡದ ಹೊತ್ತಿನಲ್ಲಿ ಅವರು ಮಾತು ಕೇಳಿಬಿಡುವ ಅಪಾಯವಿದೆ.