ಹಾಲೇಶಿ ಮನೆ ಚೊಕ್ಕಟ ಮಾಡಿದ್ದು

ಕೊಟ್ರಮ್ಮನಿಗೆ ಒಬ್ಬನೇ ಮಗ, ಹಾಲೇಶಿ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಅವನ ಕಾಟಕ್ಕೆ ಬಾಡಿಗೆ ಕೊಟ್ಟವರೆಲ್ಲರೂ ಮನೆ ಬಿಡಿಸಿದವರೇ. ಕೊನೆಗೆ ದಾವಣಗೆರೆಯ ಒಂದು ಅಪಾರ್ಟ್‌ಮೆಂಟಿನಲ್ಲಿ, ಮೂರನೇ ಮಹಡಿಯಲ್ಲಿ, ಬಾಡಿಗೆಗೆ ಮನೆ ಸಿಕ್ಕಿತು. ಅಲ್ಲಿನ ಸೆಕ್ರೆಟರಿ ಪಂಚಾಕ್ಷರಪ್ಪ ಮೊದಲೇ ಹೇಳಿಬಿಟ್ಟ: "ಚೊಕ್ಕಟವಾಗಿದ್ರೆ ಇರಿ. ಇಲ್ಲಾಂದ್ರೆ ಖಾಲಿ ಮಾಡಿ."

ಕೊಟ್ರಮ್ಮ ಮಗನನ್ನು ಕೂರಿಸಿಕೊಂಡಳು. "ನೋಡಪ್ಪಾ, ಈ ಮನೆನೂ ಹೋದ್ರೆ ನಮಗೆ ಬೀದಿನೇ ಗತಿ. ನಮ್ಮ ಬಾಗಿಲ ಮುಂದೆ ಒಂದು ಕಡ್ಡಿನೂ ಇರಬಾರದು."

"ಆಗಲಮ್ಮಾ!"

ಗುಡಿಸಿದ. ಚೆನ್ನಾಗಿಯೇ ಗುಡಿಸಿದ. ಗುಡಿಸಿ ಗುಡಿಸಿ ಕಸವನ್ನೆಲ್ಲ ಎದುರುಮನೆ ಸರ್ವಮಂಗಳಮ್ಮನ ರಂಗೋಲಿಯ ಮೇಲೆ ಗುಡ್ಡೆ ಹಾಕಿದ.

"ಯಾವನೋ ಅವನು!" ಸರ್ವಮಂಗಳಮ್ಮ ಕೂಗಿದ್ದು ಗೇಟಿನವರೆಗೂ ಕೇಳಿತು.

"ಅಯ್ಯೋ ಪೆದ್ದೇ!" ಕೊಟ್ರಮ್ಮ ಹಣೆ ಚಚ್ಚಿಕೊಂಡಳು. "ಇನ್ನೊಬ್ಬರ ಬಾಗಿಲಲ್ಲಿ ಏನೂ ಬಿಡಬಾರದು ಕಣೋ. ಎತ್ತಿ ಒಳಗೆ ತರಬೇಕು!"

"ಆಗಲಮ್ಮಾ!"

ಮರುದಿನ ತಂದ. ಸರ್ವಮಂಗಳಮ್ಮನ ಬಾಗಿಲಲ್ಲಿ ಏನೂ ಬಿಡಲಿಲ್ಲ. ಹಾಲಿನ ಪ್ಯಾಕೆಟ್ಟು, ಚಪ್ಪಲಿ, ಕಾಲೊರಸು, ತುಳಸಿ ಕುಂಡ, ಎಲ್ಲವನ್ನೂ ತಂದು ಅಡುಗೆಮನೆಯಲ್ಲಿ ಸಾಲಾಗಿ ಇಟ್ಟ.

"ಕಳ್ಳ ಅಂತಾರಲ್ಲೋ ನಿನ್ನ! ಯಾರದ್ದೋ ಅದನ್ನ ಅವರ ಕೈಗೇ ಕೊಟ್ಟು ಬರಬೇಕು!"

"ಆಗಲಮ್ಮಾ!"

ಕೊಟ್ಟ. ಆ ಸಂಜೆ ಮೇಲಿನ ಮಹಡಿಯಿಂದ ಒಂದು ಬಾಳೆಹಣ್ಣಿನ ಸಿಪ್ಪೆ ಇವರ ಬಾಲ್ಕನಿಗೆ ಬಿತ್ತು. ಮೇಲಿನದು ಸೆಕ್ರೆಟರಿಯ ಮನೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಹಾಲೇಶಿ ಮೇಲೆ ಹತ್ತಿ, ನೆಟ್ಟಗೆ ಒಳಗೆ ನಡೆದು ಸಿಪ್ಪೆಯನ್ನು ಪಂಚಾಕ್ಷರಪ್ಪನ ಅಂಗೈಯಲ್ಲಿಟ್ಟ.

"ನಿಮ್ದೇ ಸಾರ್. ಈಗ ತಾನೇ ಬಿತ್ತು."

ನೆಂಟರು ನಕ್ಕರು. ಪಂಚಾಕ್ಷರಪ್ಪನ ಕಿವಿ ಕೆಂಪಾಯಿತು. ನೆಂಟರು ಹೋಗಿದ್ದೇ ತಡ, ಕೆಳಗೆ ಇಳಿದು ಬಂದ. "ನಾಳೆ ಬೆಳಗ್ಗೆ ನಿಮ್ಮ ಮನೆ ನೋಡ್ತೀನಿ ಕೊಟ್ರಮ್ಮ. ಬೇಡದ ಸಾಮಾನು ಒಂದು ಕಂಡ್ರೂ ಖಾಲಿ ಮಾಡಬೇಕು!"

ಕೊಟ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಬೆಳಗ್ಗೆ ಎದ್ದ ತಕ್ಷಣ ಬೇಡದ್ದನ್ನೆಲ್ಲ ಕೆಳಗಿನ ಕಸದ ಡಬ್ಬಿಗೆ ಹಾಕು. ಥೂ, ನಿನ್ನಂಥ ಮಗನೇ ನನಗೆ ಬೇಡ!"

"ಆಗಲಮ್ಮಾ," ಅಂದ ಹಾಲೇಶಿ. ಈ ಸಲ ಮೆಲ್ಲಗೆ ಅಂದ.

ಬೆಳಗ್ಗೆ ಸೆಕ್ರೆಟರಿ ಬಂದ. ಮನೆ ಕನ್ನಡಿಯ ಹಾಗಿತ್ತು. ಹಳೇ ಪೇಪರಿಲ್ಲ. ಒಡೆದ ಬಕೆಟ್ಟಿಲ್ಲ. ಮಗನೂ ಇಲ್ಲ!

ಕೊಟ್ರಮ್ಮ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು. ಹಿಂದೆಯೇ ಸೆಕ್ರೆಟರಿ. ಕೆಳಗೆ ಹಸಿರು ಡಬ್ಬಿ, ನೀಲಿ ಡಬ್ಬಿ. ಎರಡರ ನಡುವೆ ಮಂಡಿ ಮಡಚಿಕೊಂಡು ಹಾಲೇಶಿ ಕೂತಿದ್ದ.

"ಇಲ್ಲೇನೋ ಮಾಡ್ತಿದ್ದೀಯ?"

"ಬೇಡದ್ದನ್ನೆಲ್ಲ ಹಾಕು ಅಂದ್ಯಲ್ಲಮ್ಮಾ. ಎಲ್ಲ ಹಾಕಿದೆ. ನಾನು ಹಸಿ ಕಸವೋ ಒಣ ಕಸವೋ, ಅದೊಂದು ಗೊತ್ತಾಗಲಿಲ್ಲ. ನಿನ್ನ ಕೇಳೋಣ ಅಂತ ಕೂತೆ."

ಕೊಟ್ರಮ್ಮ ಅವನ ತೋಳು ಹಿಡಿದು ಎಬ್ಬಿಸಿದಳು.

ಸೆಕ್ರೆಟರಿ ಕೆಮ್ಮಿದ. ಗೋಡೆ ನೋಡಿದ. "ಮನೆ ಚೊಕ್ಕಟ ಇದೆ ತಾಯಿ. ಇರಿ ನೀವು. ಮೊದಲು ಇವನನ್ನ ಒಳಗೆ ಕರ್ಕೊಂಡು ಹೋಗಿ."

ಕೊಟ್ರಮ್ಮ ಮಗನ ತಲೆಗೂದಲಿನ ಧೂಳು ಕೊಡವಿದಳು. "ನನಗೆ ಬೇಕಾದವನು ನೀನೊಬ್ಬನೇ ಕಣೋ! ಇನ್ನು ಮೇಲೆ ಎಲ್ಲೂ ಹೋಗಬೇಡ. ನನ್ನ ಕಣ್ಣ ಮುಂದೇನೇ ಇರು!"

"ಆಗಲಮ್ಮಾ!"

ಅಂದವನೇ ತಾಯಿಯ ಮುಖಕ್ಕೆ ಮುಖ ಕೊಟ್ಟು ನಿಂತ. ನಿಂತವನು ಹಾಗೆಯೇ ಹಿಂದಕ್ಕೆ ಹಿಂದಕ್ಕೆ ಮೆಟ್ಟಿಲು ಹತ್ತತೊಡಗಿದ.

"ತಿರುಗೋ, ಬೀಳ್ತೀಯ!"

"ಕಣ್ಣ ಮುಂದೆ ಇರ್ತೀನಮ್ಮಾ!"

"ತಿರುಗೋ ನನ್ನಪ್ಪಾ!"

ತಿರುಗಲಿಲ್ಲ. ಅವನು ಬೀಳಬಾರದೆಂದು ಕೊಟ್ರಮ್ಮ ಎರಡೂ ಕೈ ಹಿಡಿದುಕೊಂಡು, ಬೈಯುತ್ತಾ ಬೈಯುತ್ತಾ, ಮೂರು ಮಹಡಿಯನ್ನೂ ಹತ್ತಿದಳು.